ಅಸಮತೆಯ ಚಿಹ್ನೆ ಏಕೆ ತಿರುಗುತ್ತದೆ? ಆರಂಭಿಕ ಬೀಜಗಣಿತದ ಪುನರಾವರ್ತನೆಯಲ್ಲಿ ರೇಖಾತ್ಮಕ ಫಂಕ್ಷನ್‌ನ ಸ್ಥಾನ

ಪ್ರೌಢಶಾಲೆ ಮುಗಿಸಿ ಬಂದ ವಿದ್ಯಾರ್ಥಿಗೆ ರೇಖಾತ್ಮಕ ಸಮೀಕರಣ ಹಳೆಯ ಪರಿಚಯ. ರೇಖಾತ್ಮಕ ಅಸಮತೆ ಪ್ರತ್ಯೇಕ ಅಧ್ಯಾಯವಾಗಿ ಎದುರಾಗುವುದು ಪ್ರಥಮ ಪಿಯುಸಿಯಲ್ಲಿ. ಆ ಹೊತ್ತಿಗೆ ಅದೇ ಪುಸ್ತಕದ ಫಂಕ್ಷನ್‌ಗಳ ಅಧ್ಯಾಯ ಮುಗಿದಿರುತ್ತದೆ. ಆದರೂ ಅಸಮತೆಯನ್ನು ಸಮೀಕರಣದಂತೆಯೇ ಬಿಡಿಸಿ, ಜೊತೆಗೊಂದು ಎಚ್ಚರಿಕೆ ಹೇಳುವುದೇ ವಾಡಿಕೆ: ಋಣ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಚಿಹ್ನೆ ತಿರುಗಿಸಿ. ಈ ಎಚ್ಚರಿಕೆಯ ಬೇರು ರೇಖಾತ್ಮಕ ಫಂಕ್ಷನ್‌ನಲ್ಲಿದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಪುನರಾವರ್ತಿಸಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಅಸಮತೆ ಹಿಂದೆ ಉಳಿದದ್ದಕ್ಕೆ ಚರಿತ್ರೆಯ ಹಿನ್ನೆಲೆಯೂ ಇದೆ. ರಾಬರ್ಟ್ ರೆಕಾರ್ಡ್ ಸಮ ಚಿಹ್ನೆಯನ್ನು 1557ರಲ್ಲಿ ಅಚ್ಚಿಗೆ ತಂದ. ಕಡಿಮೆ, ಹೆಚ್ಚು ಎಂಬ ಚಿಹ್ನೆಗಳು ಮುದ್ರಣದಲ್ಲಿ ಕಂಡದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ತೀರಿಕೊಂಡ ಹತ್ತು ವರ್ಷಗಳ ನಂತರ ಹೊರಬಂದ ಅವನ ಗ್ರಂಥದಲ್ಲಿ.

ಇನ್ನು ತಪ್ಪುಗಳ ವಿಚಾರ. ಅವ್ಯಕ್ತವನ್ನು ‘ಯ’ ಎಂದಿಟ್ಟುಕೊಳ್ಳೋಣ. 3ಯ < −12 ಎಂಬ ಲೆಕ್ಕದಲ್ಲಿ ಬಲಬದಿಯ ಋಣ ಚಿಹ್ನೆ ಕಂಡೊಡನೆ ಯ > −4 ಎಂದು ಬರೆದುಬಿಡುವುದುಂಟು. ಭಾಗಿಸಿದ್ದು 3ರಿಂದ, ಅದು ಧನ ಸಂಖ್ಯೆ, ತಿರುಗಿಸಲು ಕಾರಣವೇ ಇಲ್ಲ. ಯ = 0 ಇಟ್ಟು ನೋಡಿದರೆ 0 < −12 ಎಂಬ ಅಸಂಬದ್ಧ ಕೈಗೆ ಬರುತ್ತದೆ. ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕಾರಣ ತಿಳಿಯದೆ ಬಾಯಿಪಾಠವಾದ ನಿಯಮ ಎಲ್ಲಿ ಋಣ ಚಿಹ್ನೆ ಕಂಡರೂ ಅಲ್ಲಿಗೆ ಅಂಟಿಕೊಳ್ಳುತ್ತದೆ.

ಕಾರಣವನ್ನು ಎರಡು ಬಗೆಯಲ್ಲಿ ತೋರಿಸಬಹುದು. ಮೊದಲನೆಯದಕ್ಕೆ ಸಂಕಲನವೇ ಸಾಕು. ಅ < ಬ ಆಗಿದ್ದರೆ ಎರಡೂ ಬದಿಗೆ −ಅ −ಬ ಕೂಡಿಸಿ. −ಬ < −ಅ ಎಂದು ಬರುತ್ತದೆ. ಯಾವುದನ್ನೂ ತಿರುಗಿಸಿಲ್ಲ, ಪದಗಳೇ ಸ್ಥಾನ ಬದಲಿಸಿವೆ.

ಎರಡನೆಯದು ರೇಖೆಯ ದಾರಿ, ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುವಂಥದ್ದು. 7 − 2ಯ < 13 ಎಂಬುದನ್ನು ತೆಗೆದುಕೊಳ್ಳಿ. 7 − 2ಯ ಎಂಬ ಫಂಕ್ಷನ್‌ನ ಇಳಿಜಾರು −2. ಯ ಒಂದು ಹೆಚ್ಚಿದರೆ ಬೆಲೆ ಎರಡು ಇಳಿಯುತ್ತದೆ. ಯ = −5 ಆದಾಗ ಬೆಲೆ 17, −3 ಆದಾಗ 13, 0 ಆದಾಗ 7. ಗ್ರಾಫ್ ಹಾಳೆಯಲ್ಲಿ ಈ ರೇಖೆ 13ರ ಎತ್ತರವನ್ನು −3ರಲ್ಲಿ ದಾಟಿ ಕೆಳಗಿಳಿಯುತ್ತದೆ. ಬೆಲೆ 13ಕ್ಕಿಂತ ಕಡಿಮೆಯಾಗಬೇಕಾದರೆ ಬಲಕ್ಕೆ ಸರಿಯಬೇಕು, ಅಂದರೆ ಯ > −3. ಇಳಿಯುವ ಫಂಕ್ಷನ್ ಸಂಖ್ಯೆಗಳ ಕ್ರಮವನ್ನು ತಲೆಕೆಳಗು ಮಾಡುತ್ತದೆ, ಏರುವ ಫಂಕ್ಷನ್ ಕ್ರಮವನ್ನು ಉಳಿಸುತ್ತದೆ. ಚಿಹ್ನೆ ತಿರುಗುವ ನಿಯಮದ ತಿರುಳು ಇಷ್ಟೇ. 3ಯ ಏರುವ ಫಂಕ್ಷನ್ ಎಂದು ಕಂಡವರು ಮೇಲಿನ ತಪ್ಪನ್ನು ಮಾಡುವ ಸಂಭವ ಕಡಿಮೆ.

ವ್ಯವಹಾರದ ಲೆಕ್ಕಕ್ಕೂ ಇದೇ ನೋಟ ಸಲ್ಲುತ್ತದೆ. ಒಂದು ಬಾಡಿಗೆ ಕಾರಿಗೆ 500 ರೂಪಾಯಿ ಮತ್ತು ಕಿಲೋಮೀಟರಿಗೆ 18, ಇನ್ನೊಂದಕ್ಕೆ 200 ಮತ್ತು ಕಿಲೋಮೀಟರಿಗೆ 24 ಎನ್ನೋಣ. ಯ ಕಿಲೋಮೀಟರ್ ಓಡಿದಾಗ ಬಾಡಿಗೆಗಳ ವ್ಯತ್ಯಾಸ 300 − 6ಯ. ಇದೂ ಇಳಿಯುವ ರೇಖೆ, 50ರಲ್ಲಿ ಸೊನ್ನೆ. ಐವತ್ತು ಕಿಲೋಮೀಟರ್ ದಾಟಿದರೆ ಮೊದಲ ಕಾರೇ ಅಗ್ಗ. ಹೀಗೆ ಒಂದು ಚರಾಕ್ಷರದ ಯಾವುದೇ ರೇಖಾತ್ಮಕ ಅಸಮತೆಯೂ ಕೊನೆಗೆ ಒಂದೇ ಫಂಕ್ಷನ್ ಎಲ್ಲಿ ಧನ, ಎಲ್ಲಿ ಋಣ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಈ ವ್ಯತ್ಯಾಸದ ಫಂಕ್ಷನ್‌ನ ಇಳಿಜಾರು ಸೊನ್ನೆಯಾದಾಗ ಏನಾಗುತ್ತದೆ ಎಂಬುದನ್ನು ಪುನರಾವರ್ತನೆಯಲ್ಲಿ ಬಿಡಲೇಬಾರದು. 2ಯ + 3 < 2ಯ + 1 ಎಂಬಲ್ಲಿ ‘ಯ’ ಮಾಯವಾಗಿ 3 < 1 ಉಳಿದಾಗ ವಿದ್ಯಾರ್ಥಿ ಗಲಿಬಿಲಿಗೊಳ್ಳುತ್ತಾನೆ. ಎರಡು ಸಮಾಂತರ ರೇಖೆಗಳನ್ನು ಎಳೆದರೆ ಮೇಲಿನದು ಎಂದೂ ಕೆಳಗೆ ಬಾರದು, ಹಾಗಾಗಿ ಪರಿಹಾರವಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ.

ಪುನರಾವರ್ತನೆಗೆ ಎರಡೇ ಪೀರಿಯಡ್ ಸಿಕ್ಕರೂ, ನಿಯಮವನ್ನು ಬರೆಸುವ ಮೊದಲು ಇಳಿಯುವ ಒಂದು ರೇಖೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಎಳೆಸಬೇಕೆಂದು ಗಣಿತದ ಉಪನ್ಯಾಸಕರಲ್ಲಿ ನನ್ನ ವಿನಂತಿ.