ಮಿಡ್‌ನೈಟ್ ಲೈಟ್ನಿಂಗ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿರುವ ಪ್ರಸಿದ್ಧ ಬೌಲ್ಡರಿಂಗ್ ಏರುದಾರಿ. ಕ್ಯಾಂಪ್ 4 ಶಿಬಿರತಾಣದ ಕೊಲಂಬಿಯಾ ಬೌಲ್ಡರ್ ಎಂಬ ಹೆಬ್ಬಂಡೆಯ ಮೈಮೇಲಿದೆ. 1978ರಲ್ಲಿ ರಾನ್ ಕಾಕ್ ಇದನ್ನು ಮೊದಲ ಬಾರಿಗೆ ಏರಿದ. ಕಷ್ಟದ ಅಳತೆಯಲ್ಲಿ ಇದರ ದರ್ಜೆ ವಿ8.

ಬೌಲ್ಡರಿಂಗ್ ಎಂದರೆ ಹಗ್ಗದ ಆಸರೆಯಿಲ್ಲದೆ ಬಿಡಿ ಬಂಡೆಗಳನ್ನು ಏರುವ ಕ್ರೀಡೆ. ಅಂಟುವ ರಬ್ಬರ್ ತಳದ ಬೂಟು, ಬೆವರು ಹೀರಲು ಬೆರಳಿಗೆ ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಬಿದ್ದಾಗ ಪೆಟ್ಟು ತಗ್ಗಿಸಲು ಕೆಳಗೆ ಹಾಸುವ ದಪ್ಪ ಮೆತ್ತೆ, ಇಷ್ಟೇ ಇದರ ಸಲಕರಣೆ. ಬಂಡೆಯ ಮೇಲಿನ ಒಂದೊಂದು ಏರುದಾರಿಗೂ ಆರೋಹಿಗಳು 'ಪ್ರಾಬ್ಲಂ' ಎನ್ನುತ್ತಾರೆ. ಯಾವ ಹಿಡಿಕೆಗೆ ಯಾವ ಕೈ, ಯಾವ ಕ್ಷಣಕ್ಕೆ ಯಾವ ಕಾಲು ಎಂಬುದನ್ನು ಲೆಕ್ಕದಂತೆ ಬಿಡಿಸಬೇಕಾಗುವುದರಿಂದ ಈ ಹೆಸರು.

ಸ್ಥಳ ಮತ್ತು ಶಿಲೆ: ಯೊಸೆಮಿಟಿ ಕಣಿವೆಯ ಗೋಡೆಗಳು ಗ್ರಾನೈಟ್ ಜಾತಿಯ ಶಿಲೆಯವು. ಕ್ಯಾಂಪ್ 4ರ ಸುತ್ತಲಿನ ಬಂಡೆಗಳು ಉತ್ತರದ ಕಡಿದಾದ ಗೋಡೆಯಿಂದ ಕಳಚಿ ಉರುಳಿ ಬಂದವು. ಅಮೆರಿಕದ ಶಿಲಾರೋಹಣ ಬೆಳೆದದ್ದು ಈ ಶಿಬಿರದಲ್ಲಿ. ಆ ಕಾರಣಕ್ಕೆ 2003ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು.

ಏರುವ ಬಗೆ: ಬಂಡೆಯ ಈ ಮುಖ ಹೊರಕ್ಕೆ ಚಾಚಿಕೊಂಡಿದೆ. ಆರೋಹಿ ಕೆಳಗಿನ ಕೆಲವೇ ಹಿಡಿಕೆಗಳನ್ನು ಹಿಡಿದು, ಮೈಯನ್ನು ಮೇಲಕ್ಕೆ ಚಿಮ್ಮಿಸಿ ಅಂಚಿನ ಹಿಡಿಕೆಯನ್ನು ಕೈಗೆ ಸಿಕ್ಕಿಸಿಕೊಳ್ಳಬೇಕು. ಅಷ್ಟಕ್ಕೇ ಗೆದ್ದಂತಲ್ಲ. ಅಂಚಿನ ಮೇಲ್ಭಾಗ ಇಳಿಜಾರಾಗಿದ್ದು ಬೆರಳು ಊರಲು ಆಳವಾದ ಸಂದಿಲ್ಲ. ಈಜುಗೊಳದಿಂದ ದಡಕ್ಕೆ ಏಳುವವರಂತೆ ಅಂಗೈ ಒತ್ತಿ, ಎಳೆತವನ್ನು ಒತ್ತಿಗೆ ತಿರುಗಿಸಿ, ಕಾಲನ್ನು ಕೈಯ ಮಟ್ಟಕ್ಕೆ ಎತ್ತಿ ನಿಲ್ಲಬೇಕು. 'ಮ್ಯಾಂಟಲ್' ಎಂದು ಕರೆಯುವ ಈ ಪಟ್ಟೇ ಏರಿಕೆಯ ಕಗ್ಗಂಟು. ತೋಳು ಸೋತ ಹೊತ್ತಿಗೆ, ಬಿದ್ದರೆ ಪೆಟ್ಟಾಗುವ ಎತ್ತರದಲ್ಲಿ, ಇದು ಎದುರಾಗುತ್ತದೆ.

ಇತಿಹಾಸ: ಈ ಮುಖದಲ್ಲಿ ದಾರಿಯಿದೆ ಎಂದು ಮೊದಲು ಗುರುತಿಸಿದವನು ಜಾನ್ ಯಾಬ್ಲೊನ್ಸ್ಕಿ. ಆತನೊಂದಿಗೆ ಕಾಕ್ ಮತ್ತು ಜಾನ್ ಬಾಕರ್ ಮತ್ತೆ ಮತ್ತೆ ಪ್ರಯತ್ನಿಸಿದರು. ಕಾಕ್ ಮೊದಲು ಯಶಸ್ವಿಯಾದ, ಎರಡನೆಯವನು ಬಾಕರ್. ಇಂದಿನ ಮೆತ್ತೆಗಳು ಬಳಕೆಗೆ ಬಂದದ್ದು 1990ರ ದಶಕದಲ್ಲಿ; ಅವರಿಬ್ಬರೂ ಏರುವಾಗ ಕೆಳಗಿದ್ದದ್ದು ಬರಿಯ ನೆಲ. ಜಿಮಿ ಹೆಂಡ್ರಿಕ್ಸ್‌ನ ಸಂಗೀತದಿಂದ ಹೆಸರನ್ನು ಎರವಲು ಪಡೆಯಲಾಯಿತು. 1998ರಲ್ಲಿ ಲೀಸಾ ರ‍್ಯಾಂಡ್ಸ್ ಇದನ್ನು ಏರಿದ ಮೊದಲ ಮಹಿಳೆಯಾದಳು.

ಮಿಂಚಿನ ಗುರುತು: ಪ್ರಯತ್ನದ ದಿನಗಳಲ್ಲಿ ಬಾಕರ್ ಬಂಡೆಯ ಮೇಲೆ ಬಿಳಿ ಪುಡಿಯಿಂದ ಮಿಂಚಿನ ಚಿತ್ರ ಬರೆದ. ಮಸುಕಾದಾಗಲೆಲ್ಲ ಆರೋಹಿಗಳು ಅದನ್ನು ತಿದ್ದುತ್ತ ಬಂದು ಅದು ಶಿಬಿರದ ಲಾಂಛನವೇ ಆಯಿತು. 2013ರಲ್ಲಿ ಅದನ್ನು ಅಳಿಸಿದಾಗ ಆರೋಹಿಗಳ ವಲಯದಲ್ಲಿ ಚರ್ಚೆ ಎದ್ದಿತು. ಸ್ವಲ್ಪ ಕಾಲದಲ್ಲೇ ಚಿತ್ರವನ್ನು ಮತ್ತೆ ಬರೆಯಲಾಯಿತು.

ದರ್ಜೆ ಮತ್ತು ಮಹತ್ವ: 'ವಿ' ಮಾನಕವನ್ನು ರೂಪಿಸಿದವನು ಜಾನ್ ಶೆರ್ಮನ್. ಟೆಕ್ಸಾಸ್‌ನ ವೇಕೊ ಟ್ಯಾಂಕ್ಸ್ ಬಂಡೆಗಳ ಕೈಪಿಡಿಯ ಮೂಲಕ 1991ರಲ್ಲಿ ಇದು ಪ್ರಚಾರಕ್ಕೆ ಬಂತು. ಹಾಗಾಗಿ ವಿ8 ಎಂಬ ದರ್ಜೆ ಮಿಡ್‌ನೈಟ್ ಲೈಟ್ನಿಂಗ್‌ಗೆ ದೊರೆತದ್ದು ಮೊದಲ ಆರೋಹಣವಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಏರಿದ ಕಾಲಕ್ಕೆ ಇದು ಜಗತ್ತಿನ ಅತಿ ಕಠಿಣ ಬೌಲ್ಡರ್ ಏರುದಾರಿಗಳಲ್ಲೊಂದು. 2016ರಲ್ಲಿ ಫಿನ್ಲೆಂಡಿನ ನಾಲೆ ಹುಕ್ಕಟೈವಲ್ ತನ್ನ ದೇಶದ ಲಾಪ್ನೊರ್‌ನಲ್ಲಿ ಬರ್ಡನ್ ಆಫ್ ಡ್ರೀಮ್ಸ್ ಅನ್ನು ಏರಿದ ಮೇಲೆ ಮಾನಕ ವಿ17ರವರೆಗೆ ಬೆಳೆದಿದೆ. ಕಷ್ಟದ ಲೆಕ್ಕದಲ್ಲಿ ಮಿಡ್‌ನೈಟ್ ಲೈಟ್ನಿಂಗ್ ಹಿಂದೆ ಬಿದ್ದಿದ್ದರೂ ಜಗತ್ತಿನ ಅತಿ ಹೆಸರುವಾಸಿ ಬೌಲ್ಡರ್ ಏರುದಾರಿಗಳಲ್ಲಿ ಇದು ಇಂದಿಗೂ ಒಂದು.