ಕೀಲುಬೇನೆಯ ಎರಡು ಊರುಗಳು

ಮಡಿಕೇರಿಯಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿರುವ ಮಾದಾಪುರದಂತಹ ಊರುಗಳಲ್ಲಿ ಮಳೆಗಾಲವು ಬಂದಿತೆಂದರೆ ಹಿರಿಯರ ಕೀಲುಗಳು ಮಾತನಾಡತೊಡಗುತ್ತವೆ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪನ್ನು ಕುದಿಸಿ ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ಉಣ್ಣುವುದು ಕೊಡಗಿನ ಹಳೆಯ ವಾಡಿಕೆ. ಗದ್ದೆ ತೋಡುಗಳಲ್ಲಿ ಹಿಡಿದ ಏಡಿಯ ಸಾರು ಮೈಗೆ ಕಾವು ಕೊಡುತ್ತದೆಂಬ ನಂಬಿಕೆಯೂ ಉಂಟು. ಇಷ್ಟಾದರೂ ಮೊಣಕಾಲು ಊದಿಕೊಂಡು, ಬೆರಳು ಮಡಿಸಲಾರದೆ ಕುಳಿತವರನ್ನು ಕೇಳಿದರೆ ಎರಡು ಬಗೆಯ ಉತ್ತರ ದೊರೆಯುತ್ತದೆ. "ಕೆಸರಿನಲ್ಲಿ ನಿಂತು ದುಡಿದದ್ದಕ್ಕೆ ಬಂತು" ಎನ್ನುವುದು ಒಂದು. "ಇದು ನಮ್ಮ ಮನೆತನದಲ್ಲೇ ಇದೆ" ಎನ್ನುವುದು ಇನ್ನೊಂದು.

ಮೊದಲನೆಯ ಉತ್ತರವು ರೋಗದ ಬೇರನ್ನು ಹೊರಗೆ ಹುಡುಕುತ್ತದೆ. ಎರಡನೆಯದು ನೆತ್ತರಿನಲ್ಲಿ ಹುಡುಕುತ್ತದೆ. ಒಂದೇ ಒಕ್ಕದವರು ಒಂದೇ ಸೂರಿನಡಿಯಲ್ಲಿ ಬಾಳಿ, ಒಂದೇ ಬಾವಿಯ ನೀರು ಕುಡಿದು, ಒಂದೇ ಗದ್ದೆಯಲ್ಲಿ ಇಳಿದು ದುಡಿಯುವ ನಾಡಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ತಂದೆಗೆ ಬಂದ ಬೇನೆ ಮಗನಿಗೂ ಬಂದರೆ ಅದು ರಕ್ತದಿಂದ ಬಂದಿತೋ, ಗದ್ದೆಯಿಂದ ಬಂದಿತೋ ಎಂದು ಬರಿಯ ಕಣ್ಣಿಗೆ ತಿಳಿಯದು. ವೈದ್ಯಶಾಸ್ತ್ರವೂ ಬಹುಕಾಲ ಈ ಗೊಂದಲದಲ್ಲಿಯೇ ಇದ್ದಿತು. ಇದು ಬಿಡಿಸಿಕೊಂಡ ಬಗೆಯನ್ನು ತಿಳಿಯಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಅದರ ಒಂದು ಮುಖ್ಯ ಅಧ್ಯಾಯವು ನಮ್ಮದೇ ಮಲೆನಾಡಿನಲ್ಲಿ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ನಡೆಯಿತು.

ಕೀಲುಬೇನೆ ನಮ್ಮವರಿಗೆ ಹೊಸದಲ್ಲ. ಸುಮಾರು ಏಳೆಂಟನೆಯ ಶತಮಾನದವನೆನ್ನಲಾದ ಮಾಧವಕರನು ತನ್ನ ನಿದಾನ ಗ್ರಂಥದಲ್ಲಿ 'ಆಮವಾತ'ಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. ಜೀರ್ಣವಾಗದ ಆಹಾರದ ದೋಷವು ಕೀಲುಗಳಲ್ಲಿ ಸೇರಿ ಊತವನ್ನೂ ನೋವನ್ನೂ ತರುತ್ತದೆಂಬುದು ಅಲ್ಲಿಯ ವಿಚಾರ. ಅಂದಿನ ತಿಳಿವಳಿಕೆ ಇಂದಿನದಲ್ಲವಾದರೂ, ಕೀಲಿನ ಬೇನೆಯ ಮೂಲವು ಕೀಲಿನಲ್ಲಿಯೇ ಇರಬೇಕಾಗಿಲ್ಲವೆಂಬ ಸೂಕ್ಷ್ಮವನ್ನು ಅವರು ಕಂಡಿದ್ದರು.

ಈಗ ಹೊಸ ಕಾಲಕ್ಕೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಬೆನ್ನಿಗೇ ಸುತ್ತಣ ಹಳ್ಳಿಗಳ ಜನರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಅದು ಉಣುಗಿನ ಕಡಿತದಿಂದ ಹರಡುವ ಹೊಸ ವೈರಸ್ಸೆಂದು ಕಂಡುಹಿಡಿದರು. ಮಲೆನಾಡಿನವರಿಗೆ ಅಂದಿನಿಂದ ಹೊಸ ಬೇನೆಯೆಂದೊಡನೆ ಕಾಡಿನ ಕಡೆಗೋ ಗದ್ದೆಯ ಕಡೆಗೋ ನೋಡುವುದು ಸಹಜವಾಯಿತು.

ಇದಾಗಿ ಹದಿನೇಳು ವರ್ಷಗಳ ಮೇಲೆ, 1974-75ರ ಸುಮಾರಿಗೆ, ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬಂದಿತು. ಅಲ್ಲಿಯ ಕೆಲವು ದಲಿತ ಕುಟುಂಬಗಳಲ್ಲಿ ಸೊಂಟ ಮತ್ತು ಮೊಣಕಾಲುಗಳ ನೋವು ಎಳೆಯ ವಯಸ್ಸಿನಲ್ಲಿಯೇ ಆರಂಭವಾಗುತ್ತಿದ್ದಿತು. ನಡಿಗೆ ವಾಲುತ್ತಿದ್ದಿತು, ಕುಕ್ಕರುಗಾಲಿನಲ್ಲಿ ಕೂರುವುದು ಅಸಾಧ್ಯವಾಗುತ್ತಿದ್ದಿತು. ಕೆಲವರಂತೂ ಬೆಳೆಯದೆ ಕುಳ್ಳಗೇ ಉಳಿದರು. ನಾಟಿ, ಕಳೆ, ಕೊಯ್ಲು ಇವನ್ನೇ ನೆಚ್ಚಿ ಕೂಲಿಯಿಂದ ಬದುಕುವವನಿಗೆ ಬಗ್ಗಲಾರದ ಸೊಂಟವೆಂದರೆ ಬರಿಯ ನೋವಲ್ಲ, ಅದು ಅನ್ನವೇ ತಪ್ಪಿದಂತೆ.

ಆಗ ಎದ್ದ ಗುಮಾನಿ ಏಡಿಯ ಮೇಲೆ! ಭತ್ತದ ಗದ್ದೆಗಳಿಗೆ ಎಂಡ್ರಿನ್‌ನಂತಹ ಕೀಟನಾಶಕಗಳನ್ನು ಸಿಂಪಡಿಸುವುದು ಆ ವರ್ಷಗಳಲ್ಲಿ ರೂಢಿಗೆ ಬಂದಿದ್ದಿತು. ಬಡವರು ಅದೇ ಗದ್ದೆಗಳ ಏಡಿ ಮೀನುಗಳನ್ನು ಹಿಡಿದು ತಿನ್ನುತ್ತಿದ್ದರು. ವಿಷವು ಏಡಿಯ ಮೂಲಕ ಎಲುಬನ್ನು ಹೊಕ್ಕಿತೆಂಬ ವಾದವು ಕೇಳಿದವರಿಗೆಲ್ಲ ಒಪ್ಪುವಂತಿದ್ದಿತು. ಹೊಸ ಬೇನೆ, ಹೊಸ ವಿಷ. ಇವೆರಡೂ ಒಂದೇ ಕಾಲದಲ್ಲಿ ಕಾಣಿಸಿಕೊಂಡಿವೆ. ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು?

ಬೇಕಾಗಿದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳಾದ ಭಟ್ ಮತ್ತು ಕೃಷ್ಣಮಾಚಾರಿಯವರು ಇದನ್ನು ಕುರಿತು ನಡೆಸಿದ ಅಧ್ಯಯನವು 1977ರಲ್ಲಿ ಪ್ರಕಟವಾಯಿತು. ಅವರು ಬೇನೆಗೆ ಕೊಟ್ಟ ಹೆಸರನ್ನು ಕನ್ನಡಿಸಿದರೆ 'ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ' ಎಂದಾಗುತ್ತದೆ. ಇದರಲ್ಲಿ 'ಕೌಟುಂಬಿಕ' ಎಂಬ ಮಾತು ಮುಖ್ಯವಾದುದು. ಗದ್ದೆಯ ಏಡಿಯನ್ನು ತಿನ್ನುವವರು ಮಲೆನಾಡಿನಲ್ಲಿ ಎಷ್ಟೋ ಮಂದಿ; ಕೊಡಗಿನಲ್ಲಿಯೂ ಅಷ್ಟೆ. ಆದರೆ ಈ ಬೇನೆ ಎಲ್ಲರನ್ನೂ ಹಿಡಿಯಲಿಲ್ಲ. ಕೆಲವು ಕುಟುಂಬಗಳ ಬೆನ್ನು ಹಿಡಿದು ತಲೆಮಾರಿನಿಂದ ತಲೆಮಾರಿಗೆ ನಡೆಯಿತು. ಮುಂದಿನ ದಶಕಗಳಲ್ಲಿ ನಡೆದ ಕ್ಷ-ಕಿರಣ ಪರೀಕ್ಷೆಗಳಿಂದಲೂ ವಂಶಾವಳಿಗಳ ಅಧ್ಯಯನದಿಂದಲೂ ಇದು ಎಲುಬಿನ ಬೆಳವಣಿಗೆಯಲ್ಲಿಯೇ ಇರುವ ಹುಟ್ಟು ದೋಷವೆಂದೂ, ತಾಯಿ ತಂದೆಯರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧವೆಂದೂ ತಿಳಿಯಿತು. ಇದು ಉರಿಯೂತದ ಸಂಧಿವಾತವೇ ಅಲ್ಲ, ಅಂಟುರೋಗವಂತೂ ಅಲ್ಲವೇ ಅಲ್ಲ.

ಹೀಗೆ ಹಂದಿಗೋಡಿನಲ್ಲಿ ಹೊರಗಿನದೆಂದು ಭಾವಿಸಿದ್ದು ಒಳಗಿನದಾಯಿತು. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಕಥೆ ಅದೇ ವರ್ಷಗಳಲ್ಲಿ ಭೂಮಿಯ ಆಚೆಯ ಮಗ್ಗುಲಿನಲ್ಲಿ ನಡೆಯುತ್ತಿದ್ದಿತು. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಅರ್ಥವು ಸ್ಪಷ್ಟವಾಗುವುದು.

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕಾಡಂಚಿನ ಲೈಮ್ ಎಂಬ ಊರು. ಅಲ್ಲಿ ಪಾಲಿ ಮರ್ರೆ ಎಂಬ ತಾಯಿಯ ಮನೆಯಲ್ಲಿ ಗಂಡನಿಗೂ ಮಕ್ಕಳಿಗೂ ತನಗೂ ಕೀಲುಗಳು ಊದಿಕೊಳ್ಳುತ್ತಿದ್ದವು. ಮಕ್ಕಳಿಗೆ ಬಂದಿರುವುದು ಬಾಲ್ಯದ ಸಂಧಿವಾತವೆಂದು ವೈದ್ಯರು ಹೇಳುತ್ತಿದ್ದರು. ಅದೊಂದು ಅಪರೂಪದ ರೋಗ. ಒಬ್ಬರಿಂದ ಒಬ್ಬರಿಗೆ ಬರುವುದಲ್ಲ. ಹಾಗಿದ್ದರೆ ನೆರೆಮನೆಗಳ ಮಕ್ಕಳಿಗೂ ಅದೇ ಏಕೆ ಬರಬೇಕು? ಆಕೆ ಹೆಸರುಗಳ ಪಟ್ಟಿ ಮಾಡಿದಳು. 1975ರಲ್ಲಿ ಆಕೆಯೂ ಆ ಕಡೆಯ ಇನ್ನೊಬ್ಬ ತಾಯಿಯೂ ಬೇರೆ ಬೇರೆಯಾಗಿ ಅಧಿಕಾರಿಗಳಿಗೆ ದೂರಿಕೊಂಡರು. ಯೇಲ್ ವಿಶ್ವವಿದ್ಯಾನಿಲಯದ ಆಲನ್ ಸ್ಟಿಯರ್ ಎಂಬ ತರುಣ ವೈದ್ಯನೂ ಅವನ ಸಂಗಡಿಗರೂ ಮನೆಮನೆಯ ಲೆಕ್ಕ ತೆಗೆದರು. ಒಟ್ಟು 12,000 ಜನಸಂಖ್ಯೆಯ ಮೂರು ಊರುಗಳಲ್ಲಿ 39 ಮಕ್ಕಳು, 12 ದೊಡ್ಡವರು, ಹೀಗೆ 51 ಮಂದಿ ರೋಗಿಗಳು ಸಿಕ್ಕಿದರು. ಹೆಚ್ಚಿನವರಿಗೆ ಬೇನೆ ತೊಡಗಿದ್ದು ಬೇಸಗೆಯಿಂದ ಶರತ್ಕಾಲದ ಮೊದಲವರೆಗಿನ ತಿಂಗಳುಗಳಲ್ಲಿ. ಮನೆಗಳು ಪೇಟೆಯ ನಡುವೆ ಇರಲಿಲ್ಲ, ಕಾಡಿನ ದಾರಿಗಳಲ್ಲಿದ್ದವು. ನಾಲ್ವರಲ್ಲಿ ಒಬ್ಬರಿಗೆ ಕೀಲುನೋವಿಗೆ ಮೊದಲು ಚರ್ಮದ ಮೇಲೆ ಹರಡುವ ಕೆಂಪು ಮಚ್ಚೆ ಮೂಡಿದ್ದು ನೆನಪಿದ್ದಿತು.

ಈ ವರದಿಯೂ ಪ್ರಕಟವಾದುದು 1977ರಲ್ಲಿಯೇ. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗುಗಳ ಹೊಟ್ಟೆಯಲ್ಲಿ ಸುರುಳಿಯಾಕಾರದ ರೋಗಾಣುಗಳನ್ನು ಕಂಡನು. ಮನೆತನದ ಬೇನೆಯಂತೆ ತೋರಿದ್ದು ಸೋಂಕಾಗಿದ್ದಿತು. ಹೊತ್ತಿಗೆ ಸರಿಯಾಗಿ ಮದ್ದು ಕೊಟ್ಟರೆ ಗುಣವಾಗುವ ಸೋಂಕು. ನಾಗರಹೊಳೆ ಮತ್ತು ಬಂಡೀಪುರ ಕಾಡುಗಳ ಪ್ರದೇಶದ ಜನರ ರಕ್ತವನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು, ಅವರಲ್ಲಿ ಕೆಲವರು ಇದೇ ಬಗೆಯ ರೋಗಾಣುವಿನ ಸಂಪರ್ಕಕ್ಕೆ ಬಂದಿದ್ದ ಗುರುತನ್ನು ತೋರಿಸಿದೆ. ಆದುದರಿಂದ ಲೈಮ್ ಊರಿನ ಮಾತು ಕೊಡಗಿನ ಕಾಡಂಚಿನವರಿಗೆ ಪರದೇಶದ ಸುದ್ದಿ ಮಾತ್ರವೇ ಅಲ್ಲ.

ಎರಡು ಊರುಗಳಲ್ಲಿಯೂ ಸತ್ಯವನ್ನು ಹೊರತೆಗೆದ ಉಪಾಯ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ಯಾರಿಗೆ ಬಂದಿದೆ ಎಂದು ಕೇಳಿದರೆ ಸಾಲದು, ಅದೇ ಮನೆಯಲ್ಲಿ, ಅದೇ ಕೇರಿಯಲ್ಲಿ ಯಾರಿಗೆ ಬಂದಿಲ್ಲ ಎಂದೂ ಕೇಳಬೇಕು. ಲೈಮಿನಲ್ಲಿ ಬೇನೆಯು ರಕ್ತಸಂಬಂಧವಿಲ್ಲದ ಗಂಡ ಹೆಂಡಿರಿಗೂ ನೆರೆಯವರಿಗೂ ಬಂದಿತು. ಹಂದಿಗೋಡಿನಲ್ಲಿ ನೆರೆಹೊರೆಯನ್ನು ಬಿಟ್ಟು ರಕ್ತಸಂಬಂಧದ ದಾರಿಯಲ್ಲಿ ಸಾಗಿತು. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಕರ್ನಾಟಕವೊಂದರಲ್ಲಿಯೇ ಏಳೂವರೆ ಲಕ್ಷಕ್ಕೆ ಮೇಲ್ಪಟ್ಟು ಶಂಕಿತ ರೋಗಿಗಳು ಲೆಕ್ಕಕ್ಕೆ ಸಿಕ್ಕಿದರು. ಅತ್ತೆ ಸೊಸೆ, ಒಡೆಯ ಆಳು ಎಂಬ ಭೇದವಿಲ್ಲದೆ ಮನೆಮಂದಿಯೆಲ್ಲ ಗೋಡೆ ಹಿಡಿದು ನಡೆದರು. ಅಲ್ಲಿ ಸೊಳ್ಳೆಗೆ ಬೇಕಾದುದು ಮನೆಯ ಸುತ್ತ ನಿಂತ ನೀರು, ವಂಶಾವಳಿಯಲ್ಲ.

ಹಾಗಾದರೆ ಎಲ್ಲ ಕೀಲುಬೇನೆಗಳನ್ನೂ ಸೋಂಕು, ವಂಶ ಎಂದು ಎರಡು ರಾಶಿಯಾಗಿ ಹಾಕಬಹುದೆ? ಆಗದು. ಎರಡೂ ಕೈಸೇರಿಸಿದಾಗ ಹುಟ್ಟುವ ಬೇನೆಗಳೂ ಇವೆ. 1962ರಲ್ಲಿ ಅಮೆರಿಕದ ಒಂದು ಯುದ್ಧನೌಕೆಯಲ್ಲಿ ಆಮಶಂಕೆ ಹರಡಿತು. 1,276 ನಾವಿಕರಲ್ಲಿ 602 ಮಂದಿ ಹಾಸಿಗೆ ಹಿಡಿದರು. ಭೇದಿಯೇನೋ ನಿಂತಿತು, ಆದರೆ ಆ 602 ಮಂದಿಯಲ್ಲಿ ಒಂಬತ್ತು ಜನರಿಗೆ ಮಾತ್ರ ಕೆಲವು ದಿನಗಳಲ್ಲಿ ಕೀಲುಗಳು ಊದಿಕೊಂಡವು. ಒಂದೇ ಅಡುಗೆ, ಒಂದೇ ರೋಗಾಣು; ಒಂಬತ್ತೇ ಜನರಿಗೆ ಏಕೆ? 1973ರಲ್ಲಿ ಬೆನ್ನುಮೂಳೆ ಬೆಸೆದುಕೊಳ್ಳುವ ಒಂದು ಉರಿಯೂತದ ರೋಗಕ್ಕೂ ಬಿ-27 ಎಂಬ ಆನುವಂಶಿಕ ಗುರುತಿಗೂ ಗಾಢವಾದ ಸಂಬಂಧವಿರುವುದು ಲಂಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಕಂಡುಬಂದಿತು. ಹಳೆಯ ನಾವಿಕರನ್ನು ಹುಡುಕಿ ಐವರನ್ನು ಪರೀಕ್ಷಿಸಿದಾಗ ನಾಲ್ವರಲ್ಲಿ ಅದೇ ಗುರುತು ಇದ್ದಿತೆಂದು 1976ರಲ್ಲಿ ವರದಿಯಾಯಿತು. ವಂಶವು ನೆಲವನ್ನು ಹದಮಾಡಿದ್ದಿತು, ಸೋಂಕು ಬೀಜವನ್ನು ಹಾಕಿತು. ಆದರೂ ಈ ಗುರುತನ್ನು ಹೊತ್ತವರಲ್ಲಿ ಹೆಚ್ಚಿನವರು ಜೀವಮಾನವೆಲ್ಲ ಆರೋಗ್ಯವಾಗಿಯೇ ಇರುತ್ತಾರೆಂಬುದನ್ನು ಮರೆಯಬಾರದು.

ಮಕ್ಕಳಿಗೆ ಬರುವ ಸಂಧಿವಾತ ಜ್ವರದ ಮಾತೂ ಹೀಗೆಯೇ. ಗಂಟಲಿನ ಒಂದು ಸೋಂಕು ವಾಸಿಯಾಗಿ ಎರಡು ಮೂರು ವಾರಗಳ ಮೇಲೆ ಕೀಲುಗಳು ಒಂದಾದ ಮೇಲೊಂದು ಊದುತ್ತವೆ. ಊತ ಇಳಿದುಹೋಗುತ್ತದೆ, ಆದರೆ ಎಷ್ಟೋ ವೇಳೆ ಹೃದಯದ ಕವಾಟದಲ್ಲಿ ಗಾಯವು ಉಳಿಯುತ್ತದೆ. ಇದೂ ಕೆಲವು ಮನೆಗಳಲ್ಲಿ ಹೆಚ್ಚಾಗಿ ಕಾಣುತ್ತದೆಂಬುದನ್ನು ಹಿಂದಿನ ವೈದ್ಯರು ಬಲ್ಲರು. ಇಕ್ಕಟ್ಟಾದ ಮನೆಯಲ್ಲಿ ಒಟ್ಟಿಗೆ ಮಲಗುವ ಮಕ್ಕಳಿಗೆ ಗಂಟಲಿನ ಸೋಂಕು ಬೇಗ ಹರಡುವುದು ಒಂದು ಕಾರಣ. ಹುಟ್ಟಿನಿಂದ ಬಂದ ಒಲವು ಇನ್ನೊಂದು. ಇದನ್ನು "ಮನೆತನದ್ದು" ಎಂದು ಕೈಬಿಟ್ಟಿದ್ದರೆ ಎಷ್ಟು ಮಕ್ಕಳು ಕೈತಪ್ಪುತ್ತಿದ್ದರೋ! ಗಂಟಲಿನ ಸೋಂಕಿಗೆ ಪೆನಿಸಿಲಿನ್ ಕೊಟ್ಟರೆ ಈ ಜ್ವರವನ್ನೇ ತಡೆಯಬಹುದೆಂದು 1950ರ ಹೊತ್ತಿಗೆ ಸಿದ್ಧವಾಯಿತು. ಒಮ್ಮೆ ಬಂದವರಿಗೆ ಮೂರು ನಾಲ್ಕು ವಾರಕ್ಕೊಂದು ಚುಚ್ಚುಮದ್ದು ಕೊಟ್ಟು ಮತ್ತೆ ಬರದಂತೆ ಕಾಯುವ ಪದ್ಧತಿ ಇಂದಿಗೂ ನಡೆದುಬಂದಿದೆ.

ಬೆಳಗ್ಗೆ ಏಳುವಾಗ ಬೆರಳುಗಳು ಬಿಗಿದುಕೊಳ್ಳುವ ಸಾಮಾನ್ಯ ಆಮವಾತಕ್ಕೆ ಮಾತ್ರ ಇಂತಹುದೇ ರೋಗಾಣುವೆಂದು ಬೆರಳುಮಾಡಿ ತೋರಿಸಲು ಇನ್ನೂ ಆಗಿಲ್ಲ. ಒಸಡಿನ ಸೋಂಕಿನ ಮೇಲೆ ಗುಮಾನಿಯುಂಟು. ಧೂಮಪಾನದಿಂದ ಅಪಾಯ ಹೆಚ್ಚುವುದಂತೂ ಸಿದ್ಧವಾಗಿದೆ. ತಾಯಿಗೋ ಅಕ್ಕನಿಗೋ ಈ ರೋಗವಿದ್ದರೆ ಉಳಿದವರಿಗೆ ಬರುವ ಸಂಭವ ಇತರರಿಗಿಂತ ಕೆಲವು ಪಟ್ಟು ಹೆಚ್ಚು. ಆದರೆ ನೂರಕ್ಕೆ ಒಬ್ಬರಿಗೂ ಬರದ ರೋಗವು ಕೆಲವು ಪಟ್ಟು ಹೆಚ್ಚಿದರೂ ನೂರಕ್ಕೆ ನಾಲ್ಕಾರು ಮಂದಿಯನ್ನು ದಾಟದು. ಅಂತಹ ಮನೆಯ ಬಹುಪಾಲು ಮಕ್ಕಳಿಗೆ ಅದು ಬಾರದೆಂಬುದೇ ಇದರ ಅರ್ಥ. ಮದುವೆಯ ಮಾತುಕತೆಯಲ್ಲಿ "ಆ ಮನೆಯಲ್ಲಿ ವಾತವಿದೆ" ಎಂದು ಹೆಣ್ಣನ್ನು ತಿರಸ್ಕರಿಸುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಹಂದಿಗೋಡಿನ ಜನರಿಗೆ ಈ ಇತಿಹಾಸದಿಂದ ದೊರೆತದ್ದು ಕಡಮೆ. ಎಲುಬಿನ ಆ ದೋಷವನ್ನು ಬೇರಿನಿಂದ ಕೀಳುವ ಮದ್ದು ಬಂದಿಲ್ಲ. ಸವೆದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ, ನೋವನ್ನು ತಗ್ಗಿಸುವ ಉಪಚಾರ, ದುಡಿಯಲಾರದವರಿಗೆ ನೆರವು, ಇವಿಷ್ಟೇ ಸಾಧ್ಯವಿರುವುದು. ತಮ್ಮ ಊರಿನ ಹೆಸರೇ ರೋಗದ ಹೆಸರಾಗಿ ನಿಂತ ಭಾರವನ್ನೂ ಅವರು ಹೊತ್ತಿದ್ದಾರೆ. ಆದರೆ ಇದು ಅವರ ಊಟದ ತಪ್ಪಲ್ಲ, ಶುಚಿಯ ತಪ್ಪಲ್ಲ, ಮುಟ್ಟಿದರೆ ಬರುವ ಬೇನೆಯೂ ಅಲ್ಲ ಎಂಬುದು ಇಂದು ಸಂದೇಹವಿಲ್ಲದ ಮಾತು. ಮೊದಲೇ ಹಿಂದೆ ತಳ್ಳಲ್ಪಟ್ಟ ಜನಕ್ಕೆ ಈ ಒಂದು ಮಾತನ್ನು ಸ್ಪಷ್ಟವಾಗಿ ಹೇಳುವುದು ಸಣ್ಣ ಉಪಕಾರವೇನೂ ಅಲ್ಲ.

ಮಳೆಗಾಲದಲ್ಲಿ ಕೀಲು ಹಿಡಿದವರೆಲ್ಲ ಈ ರೋಗಗಳಲ್ಲಿ ಯಾವುದಕ್ಕಾದರೂ ತುತ್ತಾಗಿದ್ದಾರೆಂದು ಹೆದರಬೇಕಾಗಿಲ್ಲ. ಹೆಚ್ಚಿನದು ವಯಸ್ಸಿನ ಸವೆತವೇ ಆಗಿರುತ್ತದೆ. ಆದರೆ ಊತ, ಬಿಸಿ, ಬೆಳಗಿನ ಬಿಗಿತ ಇವು ವಾರಗಟ್ಟಲೆ ಉಳಿದರೆ ವೈದ್ಯರ ಬಳಿಗೆ ಹೋಗುವುದು ತಕ್ಕುದು. ಹೋಗುವಾಗ ಹೇಳಬೇಕಾದ ಸಂಗತಿಗಳು ನಾಲ್ಕೇ: ನೆತ್ತರಿನ ನಂಟರಲ್ಲಿ ಯಾರಿಗೆ ಈ ಬೇನೆ ಇದ್ದಿತು, ಮದುವೆಯಾಗಿ ಬಂದವರಿಗೂ ಆಳುಕಾಳುಗಳಿಗೂ ಬಂದಿದೆಯೆ, ಅದಕ್ಕೆ ಮೊದಲು ಜ್ವರವೋ ಭೇದಿಯೋ ಗಂಟಲುನೋವೋ ಆಗಿದ್ದಿತೆ, ಉಣುಗು ಕಚ್ಚಿ ಕೆಂಪು ಮಚ್ಚೆ ಮೂಡಿದ್ದಿತೆ. ಪಾಲಿ ಮರ್ರೆಯ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಏನೂ ಇರಲಿಲ್ಲ.