ಭದ್ರಾವತಿಯ ಕುಲುಮೆ, ಅಮೆರಿಕದ ಬಾಗಿಲು

ಹೊರದೇಶಕ್ಕೆ ದುಡಿಯಲು ಹೋಗುವ ನಮ್ಮ ಎಂಜಿನಿಯರುಗಳಿಗೆ ವೀಸಾ ದೊಡ್ಡ ಚಿಂತೆ. ಶತಮಾನದ ಹಿಂದೆ ತಜ್ಞರು ಬರುತ್ತಿದ್ದುದು ಅತ್ತಲಿಂದ ಇತ್ತ. ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಾಗ ಸಲಹೆ ಕೇಳಿದ್ದು ನ್ಯೂಯಾರ್ಕಿನ ಸಿ.ಪಿ. ಪೆರಿನ್ ಅವರನ್ನು. ಟಾಟಾ ಕಾರ್ಖಾನೆಗೂ ಅವರೇ ಸಲಹೆಗಾರರು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಇದ್ದಿಲಿನಿಂದ ಕರಗಿಸುವ ಕುಲುಮೆ 1923ರ ಜನವರಿಯಲ್ಲಿ ಹೊತ್ತಿಕೊಂಡಿತು.

ಮೈಸೂರಿಗೆ ಸ್ವಂತ ಬಂದರು ಇರಲಿಲ್ಲ. ಬ್ರಿಟಿಷರ ಬಂದರಿನಲ್ಲಿ ಇಳಿದವರು, ಮಹಾರಾಜರ ಕೆಲಸಕ್ಕೇ ಬಂದಿದ್ದರೂ, 1920ರ ಕಾಯಿದೆಯಂತೆ ಅಲ್ಲಿ ಪಾಸ್‌ಪೋರ್ಟ್ ತೋರಿಸಬೇಕಿತ್ತು. ಆದರೂ ಬಾಗಿಲು ತೆರೆದಿತ್ತು.

ಅತ್ತ ಅಮೆರಿಕದ ಬಾಗಿಲೋ? 1917ರ ಕಾಯಿದೆ ಭಾರತದ ಕೂಲಿಕಾರರನ್ನು ಹೊರಗಿಟ್ಟಿತ್ತು. ವಿದ್ಯಾರ್ಥಿಗಳು, ವೈದ್ಯರು ಮೊದಲಾದ ಕೆಲವರಿಗಷ್ಟೇ ವಿನಾಯಿತಿ. 1923ರ ಫೆಬ್ರವರಿಯಲ್ಲಿ, ಭದ್ರಾವತಿಯ ಕುಲುಮೆ ಹೊತ್ತಿದ ಮರುತಿಂಗಳೇ, ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಪಡೆಯುವ ಅರ್ಹತೆಯಿಲ್ಲ ಎಂದಿತು. ಆ ತಡೆ ಸಡಿಲಾದದ್ದು 1946ರಲ್ಲಿ. ಅದೂ ವರ್ಷಕ್ಕೆ ಸುಮಾರು 100 ಜನರಿಗೆ.

1923ರಲ್ಲಿ ಕಾರ್ಖಾನೆಯ ಹೊಣೆ ಹೊತ್ತ ವಿಶ್ವೇಶ್ವರಯ್ಯನವರು ಸ್ಥಳೀಯರನ್ನೇ ಆ ಕೆಲಸಕ್ಕೆ ಪಳಗಿಸಿದರು. 2025ರಲ್ಲಿ ನಮ್ಮ ಹಳೆಯ ವಿದೇಶಿಯರ ಕಾಯಿದೆಗಳ ಜಾಗಕ್ಕೆ ಹೊಸದು ಬಂದಿದೆ. ಕಾಯಿದೆ ಯಾವುದಾದರೂ ಪರವಾನಗಿಗೆ ಅವಧಿಯುಂಟು. ಕಲಿತ ವಿದ್ಯೆಗೆ ಇಲ್ಲ.